ಊರಿನ ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್: ಡಾಂಗಲ್ ಬೇಕೆ, ಮೊಬೈಲ್ ಸಾಕೆ?

ಬೆಂಗಳೂರಿನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ವೈಫೈ ಇದೆ, ಮುಂದಿನ ತಿಂಗಳು ರೈಲಿನಲ್ಲಿ ಸುಳ್ಯದ ಕಡೆಯ ಊರಿಗೆ ಹೋಗಿ ಮೂರು ವಾರ ಅಲ್ಲಿಂದಲೇ ಕಚೇರಿಯ ಕೆಲಸ ಮಾಡಬೇಕು, ಊರಿನ ಮನೆಯಲ್ಲಿ ಯಾವ ಸಂಪರ್ಕವೂ ಇಲ್ಲ ಎಂದು ಬರೆದಿದ್ದೀರಿ. ಡಾಂಗಲ್ (ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುವ ಪುಟ್ಟ ಸಾಧನ) ಕೊಳ್ಳಬೇಕೆ, ಕೈಯಲ್ಲಿರುವ ಮೊಬೈಲ್ ಸಾಕಾಗುತ್ತದೆಯೆ, ದಾರಿಯಲ್ಲಿ ಸಿಗುವ ರೈಲು ನಿಲ್ದಾಣದ ಮತ್ತು ವಸತಿಗೃಹದ ವೈಫೈ ನಂಬಬಹುದೆ ಎಂಬುದು ನಿಮ್ಮ ಪ್ರಶ್ನೆ. ನನ್ನ ತಂದೆತಾಯಿಯ ಮನೆ ಪುತ್ತೂರು ತಾಲ್ಲೂಕಿನ ಒಂದು ಅಡಿಕೆ ತೋಟದ ನಡುವೆ ಇದೆ. ಕೆಲವು ವರ್ಷಗಳಿಂದ ವರ್ಷಕ್ಕೆರಡು ಬಾರಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಅಲ್ಲಿಗೆ ಹೋಗಿ ವಾರಗಟ್ಟಲೆ ಕೆಲಸ ಮಾಡುತ್ತಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಡಾಂಗಲ್ಲನ್ನು ಈಗಲೇ ಕೊಳ್ಳಬೇಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಮತ್ತು ಬೇರೊಂದು ಕಂಪನಿಯ ಎರಡನೆಯ ಸಿಮ್, ಇವೆರಡೇ ನಿಮ್ಮ ಮುಖ್ಯ ಆಧಾರವಾಗಲಿ. ನಿಲ್ದಾಣ ಮತ್ತು ವಸತಿಗೃಹಗಳ ವೈಫೈ ಸಿಕ್ಕರೆ ಸಿಗಲಿ. ಅದನ್ನು ನಂಬಿ ಯಾವ ಸಭೆಯನ್ನೂ ಒಪ್ಪಿಕೊಳ್ಳಬೇಡಿ.

ಕಾರಣ ವಿವರಿಸುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಇದನ್ನು ಅರಿತುಕೊಳ್ಳಲು ನನಗೇ ಬಹಳ ಕಾಲ ಹಿಡಿಯಿತು. ಮೊಬೈಲಿನ ಮೂಲಕ ಲ್ಯಾಪ್‌ಟಾಪ್ ಇಂಟರ್ನೆಟ್ ತಲುಪುವ ದಾರಿಯಲ್ಲಿ ಎರಡು ಬೇರೆ ಬೇರೆ ನಿಸ್ತಂತು ಕೊಂಡಿಗಳಿವೆ. ಟವರಿನಿಂದ ಮೊಬೈಲಿನವರೆಗಿನದು ಒಂದು, ಮೊಬೈಲಿನಿಂದ ಲ್ಯಾಪ್‌ಟಾಪಿನವರೆಗಿನದು ಇನ್ನೊಂದು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಕಾಣುವ ವೈಫೈ ಚಿಹ್ನೆ ಎರಡನೆಯ ಕೊಂಡಿಯ ಬಲವನ್ನು ಮಾತ್ರ ತೋರಿಸುತ್ತದೆ. ಅದು ಪೂರ್ತಿ ತುಂಬಿರುವಾಗಲೂ ಒಂದು ಪುಟ ತೆರೆಯದೆ ಇರಬಹುದು, ಏಕೆಂದರೆ ಮೊದಲ ಕೊಂಡಿ ಸತ್ತಿರುತ್ತದೆ. ನಿಧಾನವಾದಾಗಲೆಲ್ಲ ಮೊದಲು ಮೊಬೈಲಿನಲ್ಲೇ ಒಂದು ಪುಟ ತೆರೆದು ನೋಡಿ. ಅಲ್ಲಿಯೂ ನಿಧಾನವಿದ್ದರೆ ತೊಂದರೆ ಟವರಿನ ಕಡೆಯದು. ಅಲ್ಲಿ ಸರಾಗವಾಗಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ತಡವರಿಸುತ್ತಿದ್ದರೆ ಮನೆಯೊಳಗಿನ ಕೊಂಡಿಯನ್ನು ಸರಿಪಡಿಸಬೇಕು. ಈ ಒಂದು ಪರೀಕ್ಷೆ ಮಾಡದೆ ಲ್ಯಾಪ್‌ಟಾಪನ್ನು ಹತ್ತು ಸಲ ಆರಿಸಿ ಹೊತ್ತಿಸುವವರನ್ನು ನಾನು ಬಹಳ ಕಂಡಿದ್ದೇನೆ.

ಊರಿನಲ್ಲಿ ತೊಂದರೆ ಕೊಡುವುದು ಬಹುಮಟ್ಟಿಗೆ ಮೊದಲ ಕೊಂಡಿಯೇ. ನಮ್ಮ ಕಡೆಯ ಮನೆಗಳು ಸಾಮಾನ್ಯವಾಗಿ ತೋಟದ ಪಕ್ಕದ ತಗ್ಗಿನಲ್ಲಿರುತ್ತವೆ. ಸುತ್ತಲೂ ಗುಡ್ಡ, ದಪ್ಪನೆಯ ಮುರಕಲ್ಲಿನ ಗೋಡೆ, ಅಂಗಳದ ಮೇಲೆ ತಗಡಿನ ಚಪ್ಪರ. ರೇಡಿಯೋ ಅಲೆಗಳಿಗೆ ಇವೆಲ್ಲವೂ ಅಡ್ಡಿ. ತಗಡಂತೂ ಅವನ್ನು ಬಹುಪಾಲು ಹಿಂದಕ್ಕೇ ಕಳುಹಿಸಿಬಿಡುತ್ತದೆ. ಮೊಬೈಲಿನ ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಅವುಗಳ ಲೆಕ್ಕ ಫೋನಿನಿಂದ ಫೋನಿಗೆ ಬೇರೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಎಂಬಲ್ಲಿ ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಂಕಿಯಾಗಿಯೇ ಕೊಟ್ಟಿರುತ್ತಾರೆ. ಅದು ಯಾವಾಗಲೂ ಋಣಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 100ರಲ್ಲಿ ಕೆಲಸ ನಡೆಯುತ್ತದೆ, ಮೈನಸ್ 115 ದಾಟಿದರೆ ಸಭೆಯ ನಡುವೆ ದನಿ ಕಡಿಯುತ್ತದೆ. ಹತ್ತು ಅಂಕಿಗಳ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ನಮ್ಮ ಮನೆಯ ನಡುಕೋಣೆಯಲ್ಲಿ ಮೈನಸ್ 118 ಇರುವುದು ಅಟ್ಟದ ಪಡುವಣ ಕಿಟಕಿಯಲ್ಲಿ ಮೈನಸ್ 101ಕ್ಕೆ ಬರುತ್ತದೆ. ಅದೇ ಫೋನು, ಅದೇ ಸಿಮ್, ಇಪ್ಪತ್ತು ಅಡಿಗಳ ಅಂತರ ಅಷ್ಟೆ.

ಆದ್ದರಿಂದ ಊರಿಗೆ ತಲುಪಿದ ದಿನವೇ ಅರ್ಧ ಗಂಟೆ ಮೀಸಲಿಟ್ಟು, ಆ ಅಂಕಿಯನ್ನು ನೋಡುತ್ತ ಮನೆಯ ಒಳಹೊರಗೆ ನಿಧಾನವಾಗಿ ನಡೆಯಿರಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಲ್ಲಿ, ಏಕೆಂದರೆ ಅಂಕಿ ಒಮ್ಮೆಲೇ ಬದಲಾಗುವುದಿಲ್ಲ. ಅತಿ ಒಳ್ಳೆಯ ಅಂಕಿ ಬಂದ ಕಡೆ ಫೋನನ್ನು ಇರಿಸಿ, ನೀವು ಮಾತ್ರ ಜಗಲಿಯಲ್ಲೋ ಚಾವಡಿಯಲ್ಲೋ ಆರಾಮವಾಗಿ ಕುಳಿತುಕೊಳ್ಳಿ. ಫೋನು ನಿಮ್ಮ ಪಕ್ಕದಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಕೊಡೆ ಹಿಡಿದುಕೊಂಡು ಗುಡ್ಡದ ಮೇಲೆ ಕುಳಿತದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಎಲ್ಲ ಮನೆಗಳಲ್ಲೂ ಅಲ್ಲವಾದರೂ ಕೆಲವು ಮನೆಗಳಲ್ಲಾದರೂ ಅಟ್ಟದ ಕಿಟಕಿಗೆ ಒಂದು ಫೋನು ಕಟ್ಟಿದ್ದರೆ ಮಗು ಮಳೆಯಲ್ಲಿ ನೆನೆಯಬೇಕಾಗಿರಲಿಲ್ಲ.

ಫೋನು 5ಜಿಯದ್ದಾಗಿದ್ದರೆ ಇನ್ನೊಂದು ಸಂಗತಿಯನ್ನು ಗಮನಿಸಿ. ನಮ್ಮ ದೇಶದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಅದಕ್ಕೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ತರಂಗಪಟ್ಟಿಗೆ ವೇಗ ಹೆಚ್ಚು, ಆದರೆ ಅದು ದೂರ ಸಾಗುವುದಿಲ್ಲ, ಗೋಡೆಗಳನ್ನೂ ಸುಲಭವಾಗಿ ದಾಟುವುದಿಲ್ಲ. 4ಜಿಯ 850, 900 ಮೆಗಾಹರ್ಟ್ಸ್ ಪಟ್ಟಿಗಳು ಗುಡ್ಡಗಾಡಿನಲ್ಲಿ ಬಹಳ ದೂರದವರೆಗೆ ತಲುಪುತ್ತವೆ. ಟವರಿನ ವ್ಯಾಪ್ತಿಯ ಅಂಚಿನಲ್ಲಿರುವ ಮನೆಯಲ್ಲಿ ಫೋನು 5ಜಿಗೂ 4ಜಿಗೂ ನಡುವೆ ಮತ್ತೆ ಮತ್ತೆ ಜಿಗಿಯುತ್ತಿರುತ್ತದೆ, ಪ್ರತಿ ಜಿಗಿತದಲ್ಲೂ ವಿಡಿಯೋ ಸಭೆ ಒಂದು ಕ್ಷಣ ತಡೆಯುತ್ತದೆ. ಅಂಥ ಕಡೆ ಸೆಟ್ಟಿಂಗ್ಸ್‌ನಲ್ಲಿ 4ಜಿಯನ್ನೇ ಗಟ್ಟಿಯಾಗಿ ಆಯ್ದುಕೊಂಡುಬಿಟ್ಟರೆ ವೇಗ ಸ್ವಲ್ಪ ತಗ್ಗಿದರೂ ಸಂಪರ್ಕ ಸ್ಥಿರವಾಗಿರುತ್ತದೆ. ಕಚೇರಿಯ ಕೆಲಸಕ್ಕೆ ವೇಗಕ್ಕಿಂತ ಸ್ಥಿರತೆಯೇ ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಎರಡನೆಯ ಕೊಂಡಿ. ಹಾಟ್‌ಸ್ಪಾಟಿನ ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಆಯ್ಕೆಗಳಿರುತ್ತವೆ. ಈ 5 ಗಿಗಾಹರ್ಟ್ಸ್‌ಗೂ 5ಜಿಗೂ ಯಾವ ಸಂಬಂಧವೂ ಇಲ್ಲ. ಫೋನು ಅಟ್ಟದಲ್ಲಿ, ನೀವು ಕೆಳಗೆ ಇರುವುದಾದರೆ 2.4ನ್ನೇ ಆಯ್ದುಕೊಳ್ಳಿ, ಅದು ಗೋಡೆಯನ್ನೂ ಹಲಗೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. ಐಫೋನಿನಲ್ಲಿ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಎಂಬುದನ್ನು ಒತ್ತಿದರೆ ಇದೇ ಆಗುತ್ತದೆ. ಫೋನು ಮೇಜಿನ ಮೇಲೆಯೇ ಇರುವಂತಿದ್ದರೆ ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕುವುದು ಇನ್ನೂ ಉತ್ತಮ. ನೀವು ನಿಸ್ತಂತು ಎಂದು ಕೇಳಿದ್ದೀರಿ, ಆದರೆ ಈ ಒಂದು ಅಡಿಯ ತಂತಿ ಫೋನನ್ನು ಚಾರ್ಜ್ ಮಾಡುತ್ತಲೇ ಇರುತ್ತದೆ, ಫೋನು ಬಿಸಿಯಾಗುವುದೂ ಕಡಿಮೆ. ಬ್ಲೂಟೂತ್ ಮೂಲಕವೂ ಹಂಚಬಹುದು. ಅದರ ವೇಗ ಇಮೇಲಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಅಲ್ಲ.

ಎರಡನೆಯ ಸಿಮ್ಮಿನ ವಿಷಯದಲ್ಲಿ ಜಾಹೀರಾತಿಗಿಂತ ನೆರೆಮನೆಯವರ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಊರಿಗೆ ಫೋನು ಮಾಡಿ ನಿಮ್ಮ ಮನೆಯ ಅಕ್ಕಪಕ್ಕದವರು ಯಾವ ಸಿಮ್ ಬಳಸುತ್ತಾರೆ, ಮಳೆಗಾಲದಲ್ಲೂ ಯಾವುದು ಕೈಕೊಡದೆ ಸಿಗುತ್ತದೆ ಎಂದು ಕೇಳಿ. ಒಂದು ಕಂಪನಿಯ ಟವರು ಗುಡ್ಡದ ಈಚೆ, ಇನ್ನೊಂದರದ್ದು ಆಚೆ ಇರಬಹುದು. ಸುಳ್ಯ ಪೇಟೆಯಲ್ಲಿ ಚೆನ್ನಾಗಿ ಸಿಗುವುದು ಐದು ಕಿಲೋಮೀಟರ್ ಒಳಗೆ ಹೋದರೆ ಸಿಗದೆ ಇರಬಹುದು. ಎರಡು ಕಂಪನಿಗಳು ಒಂದೇ ಟವರಿನ ಕಂಬವನ್ನು ಹಂಚಿಕೊಂಡಿರುವುದೂ ಉಂಟು. ಆಗ ಕರೆಂಟು ಹೋಗಿ ಆ ಕಂಬದ ಬ್ಯಾಟರಿ ಮುಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇದನ್ನೂ ಅವರಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು. ಎರಡು ಸಿಮ್ಮುಗಳನ್ನು ಒಂದೇ ಫೋನಿನಲ್ಲಿ ಹಾಕಿದಾಗ, ಡೇಟಾ ಇಲ್ಲದ ಸಿಮ್ಮಿಗೆ ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ಕರೆ ಮುಗಿಯುವವರೆಗೆ ಹಾಟ್‌ಸ್ಪಾಟ್ ಸ್ತಬ್ಧವಾಗುತ್ತದೆ. ಮನೆಯಲ್ಲಿ ಹಳೆಯ ಫೋನೊಂದು ಬಿದ್ದಿದ್ದರೆ ಡೇಟಾ ಸಿಮ್ಮನ್ನು ಅದಕ್ಕೆ ಹಾಕಿ ಅಟ್ಟದಲ್ಲಿಟ್ಟುಬಿಡಿ. ಡಾಂಗಲ್ ಮಾಡುವ ಕೆಲಸವನ್ನು ಅದೇ ಮಾಡುತ್ತದೆ.

ಇದೇ ಕಾರಣಕ್ಕೆ ಡಾಂಗಲ್ಲನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರೊಳಗಿರುವುದೂ ಒಂದು ಸಿಮ್ ಮತ್ತು ಒಂದು ಮೋಡೆಮ್, ಅಂದರೆ ಫೋನಿನಲ್ಲಿರುವಂತೆ ಟವರಿನೊಡನೆ ಸಂಪರ್ಕ ಸಾಧಿಸುವ ಭಾಗ. ಟವರಿನ ಸಿಗ್ನಲ್ ದುರ್ಬಲವಾಗಿದ್ದರೆ ಅದಕ್ಕೂ ದುರ್ಬಲವೇ, ಅಗ್ಗದ ಡಾಂಗಲ್ಲುಗಳಲ್ಲಿರುವ ಮೋಡೆಮ್ ಎಷ್ಟೋ ಬಾರಿ ನಿಮ್ಮ ಫೋನಿನದಕ್ಕಿಂತ ಹಳೆಯದು. ಮನೆಯಲ್ಲಿ ಮೂರು ನಾಲ್ಕು ಜನರಿಗೆ ದಿನವಿಡೀ ಸಂಪರ್ಕ ಬೇಕಾದರೆ, ಅಥವಾ ಮುಂದೆ ಪ್ರತಿ ವರ್ಷ ಊರಿನಿಂದಲೇ ಕೆಲಸ ಮಾಡುವ ಯೋಚನೆಯಿದ್ದರೆ, ಹೊರಗಿನ ಆಂಟೆನಾ ಜೋಡಿಸಬಹುದಾದ 4ಜಿ ರೂಟರ್ ಕೊಂಡು ಆಂಟೆನಾವನ್ನು ಮಾಡಿನ ಮೇಲೆ ಟವರಿನ ದಿಕ್ಕಿಗೆ ತಿರುಗಿಸಿ ಕಟ್ಟುವುದರಲ್ಲಿ ಅರ್ಥವಿದೆ. ಮೂರು ವಾರಕ್ಕೆ ಅದು ಬೇಡ.

ಡೇಟಾ ಎಷ್ಟು ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ. ಸೆಕೆಂಡಿಗೆ 1.2 ಮೆಗಾಬಿಟ್‌ನಂತೆ ಎರಡೂ ದಿಕ್ಕಿನಲ್ಲಿ ಸಾಗುವ ವಿಡಿಯೋ ಸಭೆ ಗಂಟೆಗೆ ಸುಮಾರು ಒಂದು ಜಿಬಿ ನುಂಗುತ್ತದೆ. ಅದೇ ಸಭೆಯನ್ನು ದನಿಯಲ್ಲಿ ಮಾತ್ರ ನಡೆಸಿದರೆ ಗಂಟೆಗೆ ನೂರು ಎಂಬಿಯೂ ಆಗುವುದಿಲ್ಲ. ದಿನಕ್ಕೆ 1.5 ಅಥವಾ 2 ಜಿಬಿಯ ಪ್ಲಾನಿನಲ್ಲಿ ಮಿತಿ ಮುಗಿದ ಮೇಲೆ ಸಾಮಾನ್ಯವಾಗಿ ವೇಗವನ್ನು 64 ಕಿಲೋಬಿಟ್‌ಗೆ ಇಳಿಸುತ್ತಾರೆ, ಅದರಲ್ಲಿ ಒಂದು ಇಮೇಲ್ ತೆರೆಯುವುದೂ ಕಷ್ಟ. ಕೆಲವು ಪ್ಲಾನುಗಳಲ್ಲಿ ಅನಿಯಮಿತ 5ಜಿ ಎಂದಿರುವುದು ಫೋನು 5ಜಿಯಲ್ಲಿರುವಾಗ ಮಾತ್ರ ಅನ್ವಯಿಸುತ್ತದೆ. ಊರಿನಲ್ಲಿ 4ಜಿಗೆ ಇಳಿದರೆ ದಿನದ ಮಿತಿಯಿಂದಲೇ ಕಳೆಯುತ್ತದೆ. ಮೊದಲ ಸಲ ಊರಿಗೆ ಹೋದಾಗ ಬೆಳಗ್ಗೆ ಹತ್ತು ಗಂಟೆಯೊಳಗೇ ನನ್ನ ದಿನದ ಡೇಟಾ ಮುಗಿದಿತ್ತು: ವಿಂಡೋಸ್ ತನ್ನ ಅಪ್‌ಡೇಟನ್ನು ಹಿನ್ನೆಲೆಯಲ್ಲಿ ಇಳಿಸಿಕೊಳ್ಳುತ್ತಿತ್ತು. ಹಾಟ್‌ಸ್ಪಾಟಿಗೆ ಜೋಡಿಸಿದ ಕೂಡಲೇ ಆ ವೈಫೈಯ ಪ್ರಾಪರ್ಟೀಸ್‌ನಲ್ಲಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿ. ಮ್ಯಾಕ್ ಆಗಿದ್ದರೆ ಲೋ ಡೇಟಾ ಮೋಡ್. ಕಡತಗಳನ್ನು ತಾನೇ ಮೇಲೇರಿಸುವ ಒನ್‌ಡ್ರೈವ್, ಗೂಗಲ್ ಡ್ರೈವ್ ಮುಂತಾದವನ್ನೂ ಹಗಲಿನಲ್ಲಿ ತಡೆಹಿಡಿಯಿರಿ.

ರೈಲಿನಲ್ಲಿ ಹೋಗುವುದರಿಂದ ದಾರಿಯ ಬಗ್ಗೆ ಒಂದು ಎಚ್ಚರಿಕೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗಗಳು. ರೈಲು ಅಲ್ಲಿ ನಿಧಾನವಾಗಿ ಇಳಿಯುತ್ತದೆ, ದಟ್ಟ ಕಾಡು, ಉದ್ದಕ್ಕೂ ಸಂಪರ್ಕ ಸಿಗುವುದಿಲ್ಲವೆಂದೇ ಎಣಿಸಿ. ಕಳುಹಿಸಬೇಕಾದದ್ದನ್ನು ಹಾಸನ ದಾಟುವುದರೊಳಗೆ ಕಳುಹಿಸಿ, ಓದಬೇಕಾದದ್ದನ್ನು ಇಳಿಸಿಕೊಳ್ಳಿ. ಹಗಲಿನ ರೈಲಾದರೆ ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಪಕ್ಕ ಕುಳಿತುಕೊಳ್ಳುವುದೇ ಸರಿ, ಮಳೆಗಾಲದಲ್ಲಿ ಆ ಘಾಟಿಯಷ್ಟು ಚೆಲುವಾದ ದಾರಿ ನಾನು ಕಂಡಿಲ್ಲ.

ನಿಲ್ದಾಣದ ವೈಫೈ ಎಂದರೆ ರೈಲ್‌ಟೆಲ್ ಸಂಸ್ಥೆಯ ರೈಲ್‌ವೈರ್. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಗಲ್ ಜೊತೆಗೂಡಿ ಆರಂಭಿಸಿದ ಈ ಸೇವೆಯನ್ನು ಈಗ ರೈಲ್‌ಟೆಲ್ ಒಂದೇ ನಡೆಸುತ್ತಿದೆ. ದಿನಕ್ಕೆ ಮೊದಲ 30 ನಿಮಿಷ ಉಚಿತ. ಮೊಬೈಲ್ ಸಂಖ್ಯೆ ಕೊಟ್ಟರೆ ಓಟಿಪಿ ಬರುತ್ತದೆ, ಅದನ್ನು ತುಂಬಿದ ಮೇಲೆ ಸಂಪರ್ಕ ತೆರೆಯುತ್ತದೆ. ಹೆಸರು ಕಾಣಿಸಿ, ಜೋಡಣೆಯೂ ಆಗಿ, ಲಾಗಿನ್ ಪುಟ ಮಾತ್ರ ಬಾರದಿರುವುದು ಇಂಥ ಕಡೆ ಎಲ್ಲರಿಗೂ ಎದುರಾಗುವ ತೊಡಕು. ಆ ಪುಟ ತೋರಿಸಲು ರೂಟರು ನಿಮ್ಮ ಬ್ರೌಸರಿನ ಕೋರಿಕೆಯನ್ನು ನಡುವೆ ತಡೆಯಬೇಕು, ಆದರೆ ಎಚ್‌ಟಿಟಿಪಿಎಸ್ ಎಂಬ ಗುಪ್ತಲಿಪಿಯಲ್ಲಿ ಸಾಗುವ ಪುಟಗಳು ಹಾಗೆ ತಡೆಯಲು ಬಿಡುವುದಿಲ್ಲ. ಕಚೇರಿಯ ವಿಪಿಎನ್ (ಕಚೇರಿಯ ಜಾಲಕ್ಕೆ ಗುಪ್ತವಾಗಿ ಜೋಡಿಸುವ ತಂತ್ರಾಂಶ) ಆನ್ ಆಗಿದ್ದರೆ ಅದನ್ನು ಮೊದಲು ನಿಲ್ಲಿಸಿ, ಬ್ರೌಸರಿನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ತೆರೆಯಿರಿ. ಅದು ಈ ಕೆಲಸಕ್ಕೆಂದೇ ಇರುವ ಸಾದಾ ಪುಟ. ಲಾಗಿನ್ ಆದ ಮೇಲೆ ವಿಪಿಎನ್ ಮತ್ತೆ ಹಾಕಿ.

ದಾರಿಯಲ್ಲಿ ಒಂದು ರಾತ್ರಿ ತಂಗುವುದಾದರೆ, ಕೋಣೆ ಕಾಯ್ದಿರಿಸುವ ಮೊದಲು ವೈಫೈ ಇದೆಯೇ ಎಂದು ಕೇಳಬೇಡಿ, ನಿಮ್ಮ ಕೋಣೆಯೊಳಗೆ ಸಿಗುತ್ತದೆಯೇ ಎಂದು ಕೇಳಿ. ಒಂದು ವಸತಿಗೃಹದಲ್ಲಿ ನನಗೆ ಅದು ಸ್ವಾಗತಕೋಣೆಯಲ್ಲಿ ಮಾತ್ರ ಸಿಕ್ಕಿತು, ಮೂರನೆಯ ಮಹಡಿಯಿಂದ ಸಭೆಗಾಗಿ ಪ್ರತಿ ಸಲ ಕೆಳಗಿಳಿಯಬೇಕಾಯಿತು. ಸುರಕ್ಷತೆಯ ಭಯವನ್ನು ಅತಿಯಾಗಿ ಹಚ್ಚಿಕೊಳ್ಳಬೇಡಿ. ಇಂದು ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬಳಸುವುದರಿಂದ ನೀವು ಬರೆದದ್ದನ್ನು ಪಕ್ಕದಲ್ಲಿ ಕುಳಿತವರು ಓದಲಾರರು. ನಿಜವಾದ ಅಪಾಯವೆಂದರೆ ಅದೇ ಹೆಸರಿನಲ್ಲಿ ಬೇರೊಬ್ಬರು ತೆರೆದ ನಕಲಿ ವೈಫೈ ಮತ್ತು ಅದು ತೋರಿಸುವ ನಕಲಿ ಲಾಗಿನ್ ಪುಟ. ಹೆಸರನ್ನು ಸಿಬ್ಬಂದಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ, ಬ್ರೌಸರು ಪ್ರಮಾಣಪತ್ರ ಸರಿಯಿಲ್ಲವೆಂದು ಎಚ್ಚರಿಸಿದರೆ ಅಲ್ಲಿಗೇ ನಿಲ್ಲಿಸಿ, ವಿಂಡೋಸ್ ಕೇಳಿದಾಗ ಪಬ್ಲಿಕ್ ನೆಟ್‌ವರ್ಕ್ ಎಂದೇ ಉತ್ತರಿಸಿ, ಹೊರಡುವಾಗ ಆ ವೈಫೈಯನ್ನು ಫರ್ಗೆಟ್ ಮಾಡಿ. ಬ್ಯಾಂಕಿನ ಕೆಲಸವನ್ನು ಮಾತ್ರ ನಾನು ಯಾವಾಗಲೂ ನನ್ನ ಸ್ವಂತ ಹಾಟ್‌ಸ್ಪಾಟಿನಲ್ಲೇ ಮಾಡುತ್ತೇನೆ.

ಮಳೆಗಾಲವಾದರೆ ಕರೆಂಟಿನ ಬಗ್ಗೆ ಯೋಚಿಸಲೇಬೇಕು. ಗಾಳಿಗೆ ಮರ ಬಿದ್ದು ಲೈನು ತುಂಡಾದರೆ ಟವರು ಕೆಲವು ಗಂಟೆ ಬ್ಯಾಟರಿಯಲ್ಲಿ ನಡೆಯುತ್ತದೆ, ಆಮೇಲೆ ಅದೂ ನಿಲ್ಲಬಹುದು. ಕರೆಂಟು ಹೋದ ಕೂಡಲೇ ತುರ್ತಿನ ಕೆಲಸವನ್ನು ಮೊದಲು ಮುಗಿಸಿ, ನಾಳೆಗೆ ಬೇಕಾದ ಕಡತಗಳನ್ನು ಇಳಿಸಿಕೊಳ್ಳಿ. ಅಟ್ಟದ ಫೋನಿಗೆ ಒಂದು ಪವರ್‌ಬ್ಯಾಂಕ್ ಜೋಡಿಸಿಟ್ಟಿರಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರುಗಳನ್ನೆಲ್ಲ ಪ್ಲಗ್ಗಿನಿಂದ ಕಿತ್ತಿಡಿ.

ಹೊರಡುವುದಕ್ಕೆ ಒಂದು ವಾರ ಮೊದಲು, ರಜೆಯಿಲ್ಲದ ಒಂದು ದಿನ, ಬೆಂಗಳೂರಿನ ಮನೆಯ ವೈಫೈಯನ್ನು ಬೆಳಗ್ಗೆಯೇ ಆರಿಸಿ ಸಂಜೆಯವರೆಗೆ ಹಾಟ್‌ಸ್ಪಾಟಿನಲ್ಲೇ ಕೆಲಸ ಮಾಡಿ ನೋಡಿ. ದಿನಕ್ಕೆ ಎಷ್ಟು ಡೇಟಾ ಹೋಗುತ್ತದೆ, ಕಚೇರಿಯ ವಿಪಿಎನ್ ಮೊಬೈಲ್ ಜಾಲದಲ್ಲಿ ಜೋಡಣೆಯಾಗುತ್ತದೆಯೆ, ಕರೆ ಬಂದಾಗ ಸಭೆ ತುಂಡಾಗುತ್ತದೆಯೆ ಎಂಬುದೆಲ್ಲ ಅಂದೇ ತಿಳಿಯುತ್ತದೆ. ಅಂದು ಏನಾದರೂ ಕೈಕೊಟ್ಟರೆ ಯಾವ ಮಾಡೆಲಿನ ಫೋನು, ಯಾವ ವಿಂಡೋಸ್, ಪರದೆಯಲ್ಲಿ ಬಂದ ಸಂದೇಶವೇನು ಎಂದು ಇಲ್ಲಿಯೇ ಬರೆಯಿರಿ, ನೋಡಿ ಉತ್ತರಿಸುತ್ತೇನೆ.