ಪ್ರತಿಕ್ರಿಯೆ: 'ವಿಜಾಪುರ ಕಲೆಕ್ಟರ್ ಕಚೇರಿ, 1860' ಫೋಟೊ ನಿಜಾನಾ?

ನೀವು ಕೊಳ್ಳಬೇಕೆಂದಿರುವ ಫೋಟೊದ ಮೇಲೆ 'ವಿಜಾಪುರ ಕಲೆಕ್ಟರ್ ಕಚೇರಿ, 1860' ಅಂತ ಬರೆದಿದೆ, ಅದು ನಿಜಾನಾ ಅಂತ ಕೇಳಿದ್ದೀರಿ. ಫೋಟೊ ಹಳೆಯದೇ ಇರಬಹುದು, ಆದರೆ ಇಸವಿ ಮಾತ್ರ ತಪ್ಪು. 1860ರಲ್ಲಿ ವಿಜಾಪುರ ಜಿಲ್ಲಾ ಕೇಂದ್ರವೇ ಆಗಿರಲಿಲ್ಲ. 1864ರಲ್ಲಿ ಈ ಭಾಗವನ್ನು ಜಿಲ್ಲೆ ಮಾಡಿದಾಗಲೂ ಕಲೆಕ್ಟರ್ ಸಾಹೇಬರು ಕೂರುತ್ತಿದ್ದದ್ದು ಬಾಗಲಕೋಟೆ ಹತ್ತಿರದ ಕಲಾದಗಿಯಲ್ಲಿ. ಹೌದು, ನಾವು ಈಗ ದಾಳಿಂಬೆ ತರೋಕೆ ಹೋಗುವ ಅದೇ ಕಲಾದಗಿ! ಕಚೇರಿ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಹಾಗಾಗಿ ಅದಕ್ಕಿಂತ ಮುಂಚಿನ ಫೋಟೊ ಅಂದರೆ ನಂಬಬೇಡಿ.

ಫೋಟೊದಲ್ಲಿ ಜನರೇ ಕಾಣುತ್ತಿಲ್ಲ ಯಾಕೆ ಅಂತಲೂ ಕೇಳಿದ್ದೀರಿ. ಮೊದಮೊದಲು ಲೆನ್ಸ್ ಮುಚ್ಚಳ ತೆಗೆದು ಹಲವು ಸೆಕೆಂಡ್, ಕಾಗದದ ನೆಗೆಟಿವ್ ಆದರೆ ನಿಮಿಷಗಟ್ಟಲೆ ಕಾಯಬೇಕಿತ್ತು. ಓಡಾಡುವವರು ಪ್ಲೇಟಿನ ಮೇಲೆ ಮೂಡುತ್ತಲೇ ಇರಲಿಲ್ಲ, ಹೆಚ್ಚೆಂದರೆ ಹೊಗೆಯಂತೆ ಒಂದು ಮಬ್ಬು. ಕಟ್ಟಡ ಪಾಪ, ಅಲ್ಲಾಡದೆ ನಿಂತಿರುತ್ತಿತ್ತು. 1855ರಲ್ಲಿ ಬಾಂಬೆ ಸರ್ಕಾರ ಕಳಿಸಿದ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ವಿಜಾಪುರ, ಬಾದಾಮಿ, ಐಹೊಳೆಗಳನ್ನು ತೆಗೆದದ್ದು ಕಾಗದದ ನೆಗೆಟಿವ್‌ನಲ್ಲೇ. ಕಾಗದದ ಬದಲು ಬಂದ, ರಾಸಾಯನಿಕ ಸವರಿದ ಗಾಜಿನ ಹಸಿ ಪ್ಲೇಟಿನ ಕಷ್ಟ ಬೇರೆ. ಅದು ಒಣಗುವ ಮೊದಲೇ ಡೆವಲಪ್ ಮಾಡಬೇಕು, ಅಂದರೆ ಪಕ್ಕದಲ್ಲೇ ಕತ್ತಲೆ ಡೇರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ಡೇರೆಯೊಳಗೆ ಕೂರೋದನ್ನ ಸುಮ್ನೆ ಊಹಿಸಿ ನೋಡಿ. 1880ರ ದಶಕದಲ್ಲಿ ಒಣ ಪ್ಲೇಟು ಬಳಕೆಗೆ ಬಂದ ಮೇಲೆ ಈ ಗೋಳು ತಪ್ಪಿತು, ಓಡಾಡುವವರೂ ಫೋಟೊದಲ್ಲಿ ಮೂಡತೊಡಗಿದರು. ಹಾಗಂತ ನಿಮ್ಮ ಫೋಟೊದಲ್ಲಿ ಜನ ಇಲ್ಲ ಅಂದ ಮಾತ್ರಕ್ಕೆ ಅದು ತೀರಾ ಹಳೆಯದು ಅಂತಲ್ಲ. ಬೆಳಗ್ಗೆ ಬೇಗ ತೆಗೆದಿರಬಹುದು, ಅಲ್ವಾ?

ದುಡ್ಡು ಕೊಡೋ ಮೊದಲು ಒಂದು ಭೂತಗನ್ನಡಿ ಹಿಡಿದು ನೋಡಿ. ಸಾಲಾಗಿ ಚುಕ್ಕೆಗಳು ಕಂಡರೆ ಅದು ಪುಸ್ತಕದಿಂದ ಕತ್ತರಿಸಿದ ಮುದ್ರಿತ ಚಿತ್ರ. ತೆಳು ಕಾಗದ, ದಪ್ಪ ರಟ್ಟಿಗೆ ಅಂಟಿಸಿದ್ದು, ಬಿಳಿ ಭಾಗ ಹಳದಿಗೆ ತಿರುಗಿದ್ದು ಇದ್ದರೆ ಮೊಟ್ಟೆಯ ಬಿಳಿಲೋಳೆ ಬಳಸಿದ ಆಲ್ಬುಮೆನ್ ಪ್ರಿಂಟ್ ಇರಬಹುದು. ಅದಾದರೆ ಚೌಕಾಸಿ ಮಾಡಿ ತಗೊಳ್ಳಿ. ನಾನು ಒಮ್ಮೆ ಚುಕ್ಕೆ ನೋಡದೆ ಮೋಸ ಹೋಗಿದ್ದೇನೆ.