ಕೋಲಾರದ ಕಡೆ ಕೆರೆ ಕ್ಲೀನ್ ಮಾಡೋ ಯುವಕ ಸಂಘಗಳಿಗೆ ಸರ್ಕಾರ ದುಡ್ಡು ಕೊಡ್ಬೇಕಾ?

ದುಡ್ಡು ಆಮೇಲೆ, ಮೊದ್ಲು ಪರ್ಮಿಷನ್ ಸಲೀಸಾಗ್ಲಿ ಅಂತೀನಿ ನಾನು. ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರ್ ಒಳಗಿರೋ ಕೆರೆ ಪಂಚಾಯ್ತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಒತ್ತುವರಿ ಸರ್ವೆ ಅಂದ್ರೆ ಮತ್ತೆ ತಾಲೂಕ್ ಆಫೀಸು, ಭಾನುವಾರ ಮಾತ್ರ ಪುರುಸೊತ್ತಿರೋ ಹುಡುಗರು ಇಷ್ಟು ಕಡೆ ಅಲೆಯೋಕಾಗುತ್ತಾ? ತಾಲೂಕಿಗೊಬ್ಬ ಆಫೀಸರ್‌ನ ಇದಕ್ಕೇ ಅಂತ ಇಟ್ರೆ ಅರ್ಧ ಕೆಲಸ ಮುಗೀತು.

ಇನ್ನು ಸಿಎಸ್‌ಆರ್, ಅಂದ್ರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ದುಡ್ಡು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜಕ್ಕೆ ಖರ್ಚು ಮಾಡ್ಬೇಕು, ಕಂಪನಿ ಇರೋ ಜಾಗಕ್ಕೇ ಆದ್ಯತೆ ಕೊಡ್ಬೇಕು ಅಂತಾನೂ ಅದ್ರಲ್ಲಿದೆ. ನಮ್ಮ ನರಸಾಪುರ, ವೇಮಗಲ್, ಮಾಲೂರಲ್ಲಿ ಫ್ಯಾಕ್ಟರಿಗಳಿಗೇನು ಬರಾನಾ? ಆದ್ರೆ ಆ ದುಡ್ಡು ತಗೊಳ್ಳೋ, ಕಂಪನಿಗೆ ಸೇರದ ಸಂಸ್ಥೆಗೆ 3 ವರ್ಷದ ಕೆಲಸದ ದಾಖಲೆ, ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಕೆಲಸಕ್ಕೆ ಅಂತ ಕೇಂದ್ರ ಸರ್ಕಾರದಲ್ಲಿ ಮಾಡೋ ಸಿಎಸ್‌ಆರ್-1 ನೋಂದಣಿ ಎಲ್ಲಾ ಕೇಳ್ತಾರೆ, ಹಳ್ಳಿ ಸಂಘದ ಹತ್ರ ಇರೋದು ಒಂದು ಲೆಕ್ಕದ ಪುಸ್ತಕ ಅಷ್ಟೆ. ಡಿಸಿ ಆಫೀಸಲ್ಲಿ ಒಬ್ಬ ಅಕೌಂಟೆಂಟ್‌ನ ಕೂರ್ಸಿ ಇಂಥ ಸಣ್ಣ ಸಂಘಗಳಿಗೆ ರಿಜಿಸ್ಟ್ರೇಷನ್ನು, ಆಡಿಟ್ಟು ಫ್ರೀಯಾಗಿ ಮಾಡ್ಸಿಕೊಟ್ರೆ ಅದೇ ದೊಡ್ಡ ಸಬ್ಸಿಡಿ.

ವಾಲಂಟಿಯರ್‌ಗಳಿಗೆ ಇನ್ಶೂರೆನ್ಸ್ ಕೂಡ ಬೇಕು, ಹಾವಿರೋ ಜಾಲಿ ಪೊದೆಯೊಳಗೆ ನುಗ್ತಾರೆ ಪಾಪ. ಶಾಲು, ಹಾರ, ಸನ್ಮಾನ ಎಲ್ಲಾ ಆಮೇಲೆ ನೋಡ್ಕೊಳ್ಳೋಣ.