ಪರದೇಶದ ಮೀನು ಹಡಗಿಗೆ ಬಂದರು ಮುಚ್ಚಬಹುದಾ?

ಪ್ರಶ್ನೆ: 200 ಮೈಲಿ ಆಚೆಗಿನ ಸಮುದ್ರ ಯಾವ ದೇಶದ್ದೂ ಅಲ್ಲ ಅಂತಾರೆ. ಅಲ್ಲಿ ಹಿಡಿದ ಮೀನನ್ನು ನಮ್ಮ ಬಂದರಲ್ಲಿ ಇಳಿಸಬೇಡಿ ಅಂತ ಒಂದು ದೇಶ ಹೇಳೋಕೆ ಆಗುತ್ತಾ? ಆಗುತ್ತೆ ಅಂದ್ರೆ, 2019ರಲ್ಲಿ ಚೀನಾದ ಹಡಗುಗಳನ್ನು ರತ್ನಾಗಿರಿಗೆ ಬಿಟ್ಟುಕೊಂಡಿದ್ದು ಯಾಕೆ?
– ಓದುಗರು, ಮಲ್ಪೆ

ಉತ್ತರ: ಆಗುತ್ತದೆ. ಪರದೇಶದ ಹಡಗು ನಮ್ಮ ದಡದ 12 ನಾಟಿಕಲ್ ಮೈಲಿಯೊಳಗೂ ತಂಟೆ ಮಾಡದೆ ಹಾದು ಹೋಗಬಹುದು, ಆದರೆ ಬಂದರಿಗೆ ಬರುವ ಹಕ್ಕು ಅದಕ್ಕಿಲ್ಲ. ಮನೆ ಮುಂದಿನ ದಾರಿಯಲ್ಲಿ ಯಾರು ಬೇಕಾದರೂ ಓಡಾಡಲಿ, ಜಗಲಿ ಹತ್ತಬೇಕಾದರೆ ಕೇಳಿಯೇ ಹತ್ತಬೇಕು.

ರತ್ನಾಗಿರಿಯದು ಬೇರೆ ಲೆಕ್ಕ. 2019ರ ಜೂನ್‌ನಲ್ಲಿ ವಾಯು ಚಂಡಮಾರುತ ಎದ್ದಾಗ ಚೀನಾದ 10 ಹಡಗುಗಳು ಅಲ್ಲಿ ಆಸರೆ ಪಡೆದವು. ಬಿರುಗಾಳಿಗೆ ಸಿಕ್ಕವರಿಗೆ ಜಾಗ ಕೊಡುವುದು ಸಮುದ್ರದ ಹಳೇ ಪದ್ಧತಿ, ಕಾನೂನೂ ಅದನ್ನು ಒಪ್ಪುತ್ತದೆ. ಆಸರೆ ಕೊಟ್ಟ ಮಾತ್ರಕ್ಕೆ ಮೀನು ಇಳಿಸಿ ಮಾರಲು ಬಿಟ್ಟ ಹಾಗಾಗುವುದಿಲ್ಲ.

ಇಷ್ಟು ಸರಳ ಇದ್ದರೆ ಜಗಳ ಯಾಕೆ ಅಲ್ವಾ? ಚಿಲಿ ಮತ್ತು ಸ್ಪೇನ್ ನಡುವಿನ ಕತ್ತಿಮೀನಿನ ಜಗಳ ನೋಡಿ. ಈ ಮೀನು ಒಂದು ಕಡೆ ನಿಲ್ಲುವ ಜಾತಿಯಲ್ಲ, ಚಿಲಿಯ 200 ಮೈಲಿಯ ಒಳಗೂ ಹೊರಗೂ ಅಲೆಯುತ್ತದೆ. ಒಳಗೆ ಚಿಲಿಯ ಮೀನುಗಾರರಿಗೆ ಪರ್ಮಿಟ್ಟು, ಮೀನಿನ ಅಳತೆ ಅಂತ ಕಟ್ಟುಪಾಡು. ಹೊರಗೆ ಸ್ಪೇನಿನ ಹಡಗುಗಳು ಮೈಲಿಗಟ್ಟಲೆ ಗಾಳದ ಹಗ್ಗ ಬಿಟ್ಟು ಅದೇ ಮೀನನ್ನು ಎಳೆಯುತ್ತಿದ್ದವು. ನಾವಿಲ್ಲಿ ಉಳಿಸಿದ್ದನ್ನು ಅವರಲ್ಲಿ ಬಾಚುತ್ತಿದ್ದಾರೆ ಅನ್ನುವುದು ಚಿಲಿಯ ಸಂಕಟ. ಆದರೆ ಗೆರೆಯ ಆಚೆ ಹೋಗಿ ತಡೆಯುವಂತಿಲ್ಲ. ಕೈಯಲ್ಲಿದ್ದದ್ದು ಬಂದರು ಒಂದೇ. 1991ರ ಮೀನುಗಾರಿಕೆ ಕಾನೂನನ್ನು ಹಿಡಿದುಕೊಂಡು, ಕತ್ತಿಮೀನನ್ನು ಇಲ್ಲಿ ಇಳಿಸುವಂತಿಲ್ಲ, ಇನ್ನೊಂದು ಹಡಗಿಗೆ ತುಂಬುವಂತೆಯೂ ಇಲ್ಲ ಎಂದು ಬಾಗಿಲು ಹಾಕಿತು.

ಹತ್ತಿರದ ಬಂದರು ತಪ್ಪಿದರೆ ಹಡಗಿನವರಿಗೆ ಎಷ್ಟು ದಿನ ಹಾಳು, ಎಷ್ಟು ಡೀಸೆಲ್ ಹಾಳು ಅನ್ನುವುದನ್ನು ಮಲ್ಪೆಯವರಿಗೆ ನಾನು ಹೇಳಬೇಕಾಗಿಲ್ಲ.

ಸ್ಪೇನಿನ ಪರವಾಗಿ ಯುರೋಪಿಯನ್ ಒಕ್ಕೂಟ 2000ದ ಏಪ್ರಿಲ್‌ನಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. ಸರಕು ದಾಟಿಸಲು ಬಿಡುತ್ತಿಲ್ಲ, ಇದು ವ್ಯಾಪಾರಕ್ಕೆ ಅಡ್ಡಿ ಎಂದು ಅದರ ವಾದ. ಚಿಲಿ ಸುಮ್ನೆ ಕೂರಲಿಲ್ಲ, ಡಿಸೆಂಬರ್‌ನಲ್ಲಿ ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಗಿ, ಇದು ವ್ಯಾಪಾರದ ಮಾತೇ ಅಲ್ಲ, ನೀವು ಮೀನು ಉಳಿಸಲು ಸಹಕರಿಸುತ್ತಿಲ್ಲ ಎಂದಿತು. ಜಿನೀವಾದಲ್ಲಿ ಅದು ಸರಕು, ಹ್ಯಾಂಬರ್ಗಿನಲ್ಲಿ ಅದು ಮೀನು. ಎರಡೂ ಕಡೆ ತೀರ್ಪು ಬಂದು ಒಂದಕ್ಕೊಂದು ತಾಳೆಯಾಗದೇ ಹೋಗಿದ್ದರೆ? ಆ ಭಯ ಇಬ್ಬರಿಗೂ ಇತ್ತು ಅಂತ ನನ್ನ ಅನಿಸಿಕೆ, ಯಾಕೆಂದರೆ 2001ರಲ್ಲೇ ರಾಜಿ ಮಾತು ಶುರುವಾಯಿತು. ವಿಜ್ಞಾನಿಗಳ ಅಧ್ಯಯನದ ಹೆಸರಿನಲ್ಲಿ ಕೆಲವೇ ಹಡಗುಗಳಿಗೆ ಬಂದರು ತೆರೆದರು, ಕೇಸನ್ನು ಮುಂದೆ ಹಾಕುತ್ತಾ ಹೋದರು. 2009ರ ಡಿಸೆಂಬರ್ 16ರಂದು ಹ್ಯಾಂಬರ್ಗಿನ ಕಡತ ಮುಚ್ಚಿತು. ಯಾರು ಸರಿ ಅನ್ನುವುದನ್ನು ಯಾವ ಕೋರ್ಟೂ ಹೇಳಲಿಲ್ಲ. ವಕೀಲರಿಗೆ ಬೇಜಾರಾಗಿರಬೇಕು.

ಅದೇ 2009ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಒಪ್ಪಂದ ಮಾಡಿತು, ಅದು 2016ರಲ್ಲಿ ಜಾರಿಗೆ ಬಂತು. ಸಹಿ ಹಾಕಿ ಸೇರಿದ ದೇಶಗಳ ಬಂದರಿಗೆ ಬರುವ ಪರದೇಶದ ಹಡಗು ಮೊದಲೇ ಅನುಮತಿ ಕೇಳಬೇಕು, ಹಿಡಿದ ಮೀನಿನ ಲೆಕ್ಕ ಕೊಡಬೇಕು. ಕಳ್ಳ ಮೀನುಗಾರಿಕೆಗೆ ಸಾಕಷ್ಟು ಸಾಕ್ಷಿ ಇದ್ದರೆ ಬಾಗಿಲು ಹಾಕಲೇಬೇಕು. ಚಿಲಿಯ ಜಗಳಕ್ಕೆ ಇದು ಉತ್ತರವಲ್ಲ ಅನ್ನಿ, ಅಲ್ಲಿ ಸ್ಪೇನಿನವರು ಕದಿಯುತ್ತಿರಲಿಲ್ಲ.

ಬಂದರು ಮುಚ್ಚಿದವರೇ ಗೆಲ್ಲುತ್ತಾರೆ ಅಂತಲೂ ಇಲ್ಲ. 1952ರಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿಯನ್ನು 4 ಮೈಲಿಗೆ ಚಾಚಿತು. ಅಲ್ಲೇ ಹಿಡಿಯುತ್ತಿದ್ದ ಬ್ರಿಟಿಷ್ ಟ್ರಾಲರ್ ಮಾಲೀಕರು ಸಿಟ್ಟಾಗಿ, ಇಂಗ್ಲೆಂಡಿನ ಹಲ್ ಮತ್ತು ಗ್ರಿಮ್ಸ್‌ಬಿ ಬಂದರುಗಳಲ್ಲಿ ಐಸ್‌ಲ್ಯಾಂಡಿನ ಮೀನು ಇಳಿಯದ ಹಾಗೆ ಮಾಡಿದರು. ಸರ್ಕಾರದ ಆದೇಶ ಅಲ್ಲ, ಮಾಲೀಕರದ್ದೇ ಬಹಿಷ್ಕಾರ. ಮೀನು ಮಾರಿಯೇ ಬದುಕುವ ಪುಟ್ಟ ದೇಶ, ಎಷ್ಟು ದಿನ ತಡೆದೀತು ಅಂತ ಲೆಕ್ಕ ಹಾಕಿದ್ದಿರಬೇಕು. ಐಸ್‌ಲ್ಯಾಂಡ್ 1953ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮೀನು ಕೊಟ್ಟು ಎಣ್ಣೆ ತಂದಿತು, ಅದೂ ತಾನೇ ಸೋವಿಯತ್ ವಿರುದ್ಧದ ಸೇನಾ ಕೂಟವಾದ ನೇಟೋದ ಸದಸ್ಯನಾಗಿದ್ದುಕೊಂಡು! 1956ರಲ್ಲಿ ಬಹಿಷ್ಕಾರ ಮುಗಿಯಿತು, 4 ಮೈಲಿ ಉಳಿಯಿತು. ಮುಂದೆ ಎರಡೇ ವರ್ಷಕ್ಕೆ ಐಸ್‌ಲ್ಯಾಂಡ್ ಅದನ್ನು 12ಕ್ಕೆ ಎಳೆಯಿತು.